ಅಟ್ಟದ ಮೇಲಿನ ಸುರುಳಿಗಳು

ನಮ್ಮ ಕಡೆಯ ಮನೆಗಳಲ್ಲಿ ಅಟ್ಟವೆಂಬುದು ಬಹು ಉಪಕಾರಿಯಾದ ಸ್ಥಳ. ದಿನಬಳಕೆಗೆ ಬೇಡವಾದ, ಆದರೆ ಬಿಸಾಡಲು ಮನಸ್ಸು ಒಪ್ಪದ ಸಾಮಾನುಗಳೆಲ್ಲವೂ ಕೊನೆಗೆ ಅಲ್ಲಿಗೇ ಸೇರುತ್ತವೆ. ತೂತುಬಿದ್ದ ತಾಮ್ರದ ಹಂಡೆ, ಮಕ್ಕಳು ಬೆಳೆದ ಮೇಲೆ ಬಿಚ್ಚಿಟ್ಟ ತೊಟ್ಟಿಲು, ದಸರೆಗೊಮ್ಮೆ ಇಳಿಸುವ ಗೊಂಬೆಗಳ ಪೆಟ್ಟಿಗೆ, ಇವುಗಳ ಹಿಂದೆ ಕೈಯಾಡಿಸಿದರೆ ಜವಳಿ ಅಂಗಡಿಯ ಹಳೆಯ ಚೀಲವೊಂದರಲ್ಲಿ ನಾಲ್ಕಾರು ಕಪ್ಪು ವೀಡಿಯೋ ಕ್ಯಾಸೆಟ್ಟುಗಳು ಅನೇಕ ಮನೆಗಳಲ್ಲಿ ಸಿಕ್ಕಿಯಾವು. ಅವುಗಳ ಬೆನ್ನಿನ ಚೀಟಿಯಲ್ಲಿ ‘ಮದುವೆ, ಭಾಗ 1’, ‘ನಾಮಕರಣ’, ‘ಗೃಹಪ್ರವೇಶ’ ಎಂಬ ಮಾಸಿದ ಅಕ್ಷರಗಳಿರುತ್ತವೆ. ಅವನ್ನು ನೋಡಲು ಬೇಕಾದ ಯಂತ್ರವು ಮನೆಯಿಂದ ಹೊರಟುಹೋಗಿ ಎಷ್ಟೋ ವರ್ಷಗಳಾಗಿರುತ್ತವೆ. ‘ಇವೆ, ಎಲ್ಲಿಗೂ ಹೋಗುವುದಿಲ್ಲ’ ಎಂಬ ನೆಮ್ಮದಿಯಲ್ಲಿ ನಾವೆಲ್ಲರೂ ಸುಮ್ಮನಿದ್ದೇವೆ. ಈ ನೆಮ್ಮದಿಗೆ ಆಧಾರವಿಲ್ಲವೆಂಬುದನ್ನು ತಿಳಿಸುವುದೇ ಈ ತಿಂಗಳ ನಮ್ಮ ಮಾತಿನ ಉದ್ದೇಶ.

ಈ ಸುರುಳಿಗಳು ನಮ್ಮ ಮನೆಗಳಿಗೆ ಬಂದದ್ದು ಬಹಳ ಹಿಂದಿನ ಕಥೆಯಲ್ಲ. ಜಪಾನಿನ ಜೆ.ವಿ.ಸಿ. ಕಂಪನಿಯವರು ವಿ.ಎಚ್.ಎಸ್. ಎಂಬ, ಅರ್ಧ ಅಂಗುಲ ಅಗಲದ ಟೇಪಿನ ಕ್ಯಾಸೆಟ್ಟನ್ನು 1976ರಲ್ಲಿ ಹೊರತಂದರು. 1981ರಲ್ಲಿ ಬೆಂಗಳೂರಿನ ದೂರದರ್ಶನ ಕೇಂದ್ರವು ಆರಂಭವಾಯಿತು. ಮರುವರ್ಷ, ದೆಹಲಿಯಲ್ಲಿ ಏಷ್ಯಾದ ಕ್ರೀಡಾಕೂಟ ನಡೆದಾಗ, ಬಣ್ಣದ ಟೆಲಿವಿಷನ್ ನಮ್ಮ ದೇಶಕ್ಕೆ ಬಂದಿತು. ಅಲ್ಲಿಂದ ಕೆಲವೇ ವರ್ಷಗಳಲ್ಲಿ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಮದುವೆಯ ಛತ್ರಗಳಲ್ಲಿಯೂ ವೀಡಿಯೋದವರು ಕಾಣಿಸಿಕೊಂಡರು. ಹೆಗಲ ಮೇಲೆ ಕ್ಯಾಮೆರಾವನ್ನು ಹೊತ್ತವನೊಬ್ಬ, ಕಣ್ಣು ಕೋರೈಸುವ ದೀಪವನ್ನು ಎತ್ತಿಹಿಡಿದವನು ಮತ್ತೊಬ್ಬ. ಧಾರೆಯ ಹೊತ್ತಿನಲ್ಲಿ ಪುರೋಹಿತರ ಮಾತಿಗಿಂತ ಇವರ ಮಾತೇ ಹೆಚ್ಚು ನಡೆಯುತ್ತದೆಂದು ಹಿರಿಯರು ಗೊಣಗಿದ್ದೂ ಉಂಟು. ತರುವಾಯ, ಅಂಗೈಯಗಲದ ಕ್ಯಾಸೆಟ್ಟನ್ನು ಹಾಕುವ ಸಣ್ಣ ಕ್ಯಾಮೆರಾಗಳು ಬಂದುವು. ಪರದೇಶದಲ್ಲಿ ನೆಲಸಿದ್ದ ನೆಂಟರು ರಜಕ್ಕೆ ಬಂದಾಗ ತಂದು, ಹಿತ್ತಿಲಿನಲ್ಲಿ ಕೋಳಿಯನ್ನು ಅಟ್ಟುತ್ತಿದ್ದ ಮಕ್ಕಳನ್ನೂ ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದ ತಾತನನ್ನೂ ಅವುಗಳಲ್ಲಿ ಹಿಡಿದಿಟ್ಟರು.

ಇನ್ನು ಟೇಪಿನ ಸ್ವಭಾವವನ್ನು ನೋಡೋಣ. ಮೂರು ಗಂಟೆಯ ಕ್ಯಾಸೆಟ್ಟೊಂದರೊಳಗೆ ಸುಮಾರು 250 ಮೀಟರು ಉದ್ದದ ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಯಿರುತ್ತದೆ. ಅದರ ಮೇಲೆ ಅಯಸ್ಕಾಂತದ ಗುಣವುಳ್ಳ ಸೂಕ್ಷ್ಮ ಕಣಗಳನ್ನು ಒಂದು ಬಗೆಯ ಅಂಟಿನಿಂದ ಲೇಪಿಸಿರುತ್ತಾರೆ. ಚಿತ್ರವೂ ಧ್ವನಿಯೂ ಇರುವುದು ಆ ಲೇಪದಲ್ಲಿಯೇ. ಯಂತ್ರವು ಪಟ್ಟಿಯನ್ನು ಪೆಟ್ಟಿಗೆಯಿಂದ ಹೊರಕ್ಕೆಳೆದು, ಓರೆಯಾಗಿ ನಿಂತ ಒಂದು ಉರುಳೆಗೆ ಸುತ್ತುತ್ತದೆ. ನಮ್ಮ ದೇಶದ ಪದ್ಧತಿಯಲ್ಲಿ ಆ ಉರುಳೆಯು ಸೆಕೆಂಡಿಗೆ 25 ಸುತ್ತು ತಿರುಗುತ್ತ, ತನ್ನ ಅಂಚಿನಲ್ಲಿರುವ ಪುಟ್ಟ ತಲೆಗಳಿಂದ ಚಿತ್ರವನ್ನು ಓದುತ್ತದೆ. ಗಾಳಿಯ ತೇವವು ಲೇಪದ ಅಂಟನ್ನು ಕಾಲಕ್ರಮದಲ್ಲಿ ಸಡಿಲಿಸುತ್ತದೆ. ಮಳೆಗಾಲದ ಶೀತದಲ್ಲಿ ಸುರುಳಿಗೆ ಬೂಷ್ಟು ಹಿಡಿಯುತ್ತದೆ. ಬೇಸಗೆಯಲ್ಲಿ ಕಾದ ತಾರಸಿಯ ಕೆಳಗಿನ ಅಟ್ಟದಲ್ಲಿ ಪಟ್ಟಿಯು ಸೊಟ್ಟಗಾಗುತ್ತದೆ. ಹೀಗೆ, ಯಾರೂ ಮುಟ್ಟದೆ ಇಟ್ಟ ಕ್ಯಾಸೆಟ್ಟೂ ತನ್ನಷ್ಟಕ್ಕೆ ತಾನೇ ಸವೆಯುತ್ತಿರುತ್ತದೆ.

ಇದಕ್ಕಿಂತಲೂ ದೊಡ್ಡ ಅಪಾಯವು ಬೇರೊಂದಿದೆ. ಟೇಪು ಚೆನ್ನಾಗಿಯೇ ಉಳಿದರೂ ಅದನ್ನು ಓದುವ ಯಂತ್ರವು ಉಳಿಯಬೇಕಲ್ಲವೆ? ವಿ.ಸಿ.ಆರ್. ಯಂತ್ರಗಳನ್ನು ಕಡೆಯವರೆಗೆ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿಯವರು 2016ರ ಜುಲೈ ತಿಂಗಳಲ್ಲಿ ಆ ಕೆಲಸವನ್ನು ನಿಲ್ಲಿಸಿದರು. ಈಗ ಇರುವುವೆಲ್ಲ ಹಳೆಯ ಯಂತ್ರಗಳು; ಅವುಗಳ ಬಿಡಿಭಾಗಗಳೂ ಹಳೆಯವು; ಅವನ್ನು ಬಿಚ್ಚಿ ಜೋಡಿಸಬಲ್ಲ ಕುಶಲರಿಗೂ ವಯಸ್ಸಾಗುತ್ತಿದೆ. ಧ್ವನಿ ಮತ್ತು ಚಿತ್ರಗಳ ಭಂಡಾರಗಳನ್ನು ಕಾಯುವ ಪಂಡಿತರು, 2025ರ ವೇಳೆಗೆ ಟೇಪುಗಳನ್ನು ಓದುವುದೇ ದುಸ್ತರವಾದೀತೆಂದು ಹಿಂದೆಯೇ ಎಚ್ಚರಿಸಿದ್ದರು. ಯುನೆಸ್ಕೋ ಸಂಸ್ಥೆಯೂ 2019ರಲ್ಲಿ ಈ ಎಚ್ಚರಿಕೆಗೆ ದನಿಗೂಡಿಸಿತು. ಆ ಗಡುವಿನ ವರ್ಷವನ್ನು ನಾವು ಮುಟ್ಟಿಯಾಗಿದೆ.

ನಕಲು ಮಾಡಿದ್ದು ಮಾತ್ರ ಉಳಿಯುತ್ತದೆಂಬುದು ಕನ್ನಡಿಗರಿಗೆ ಹೊಸ ಪಾಠವಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು ಓಲೆಗರಿಗಳ ಮೇಲೆ ಸಾವಿರ ಪ್ರತಿ ಬರೆಯಿಸಿ ಹಂಚಿದಳು. ಓಲೆಗರಿಗೆ ಆಯುಸ್ಸು ಇಷ್ಟೇ, ಹುಳುವೂ ತೇವವೂ ಅದನ್ನು ಬಿಡವು ಎಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಇನ್ನೊಂದು ಕಡೆ ನೋಡಿರಿ: 1934ರ ಮಾರ್ಚಿ ತಿಂಗಳಲ್ಲಿ ಬೆಂಗಳೂರಿನಲ್ಲಿ ತೆರೆಕಂಡ ‘ಸತಿ ಸುಲೋಚನ’ ಕನ್ನಡದ ಮೊದಲ ವಾಕ್ಚಿತ್ರ. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಊರೆಲ್ಲ ಸೇರಿ ನೋಡಿದ ಚಿತ್ರಕ್ಕೇ ಈ ಗತಿ ಬಂದಮೇಲೆ, ಒಂದೇ ಮನೆಯವರು ಒಂದೆರಡು ಸಾರಿ ನೋಡಿ ಚೀಲಕ್ಕೆ ಹಾಕಿದ, ಒಂದೇ ಪ್ರತಿಯಿರುವ ಮದುವೆಯ ಕ್ಯಾಸೆಟ್ಟಿನ ಗತಿ ಏನಾದೀತು?

ಒಂದು ಮನೆಯ ಮದುವೆಯ ಚಿತ್ರದಿಂದ ಇತರರಿಗೇನೆಂದು ಕೆಲವರು ಕೇಳಬಹುದು. ನಮ್ಮ ಜಿಲ್ಲೆಯ ಮಟ್ಟಿಗಂತೂ ಈ ಪ್ರಶ್ನೆಗೆ ಉತ್ತರವು ಸುಲಭ. ದೇವನಹಳ್ಳಿಯ ವಿಮಾನನಿಲ್ದಾಣವು 2008ರ ಮೇ ತಿಂಗಳಲ್ಲಿ ತೆರೆಯಿತು. ಅದಕ್ಕೆ ಹಿಂದೆ ಅಲ್ಲಿದ್ದ ಹೊಲಗಳು, ಚಕ್ಕೋತದ ತೋಟಗಳು, ಎರಡೂ ಕಡೆ ಮರಗಳಿದ್ದ ಕಿರಿದಾದ ದಾರಿಗಳು, ಇವನ್ನು ಚಿತ್ರಿಸಬೇಕೆಂದು ಯಾರೂ ಹೊರಟವರಲ್ಲ. ಆದರೆ ದಿಬ್ಬಣದ ಬಸ್ಸಿನ ಕಿಟಕಿಯಿಂದ, ವರನನ್ನು ಎದುರುಗೊಳ್ಳುವಾಗ ಹಿಂದೆ ಕಾಣುವ ಬೀದಿಯಲ್ಲಿ, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದ ಮಕ್ಕಳ ಬೆನ್ನ ಹಿಂದೆ, ಅವೆಲ್ಲವೂ ತಾವಾಗಿಯೇ ಕ್ಯಾಮೆರಾಕ್ಕೆ ಸಿಕ್ಕಿಬಿದ್ದಿವೆ. ಊರು ಹೇಗಿತ್ತೆಂದು ಮುಂದಿನವರಿಗೆ ತೋರಿಸುವ ಚಿತ್ರಗಳು ಸರ್ಕಾರದ ಕಡತಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ ನಮ್ಮ ಅಟ್ಟಗಳ ಮೇಲೆಯೇ ಇರಬಹುದು.

ಈ ವಿಷಯವು ನಮ್ಮ ಮನಸ್ಸಿಗೆ ನಾಟಿದ್ದು ದೊಡ್ಡಬಳ್ಳಾಪುರದ ಸ್ನೇಹಿತರೊಬ್ಬರ ಮನೆಯಲ್ಲಿ. ನೇಯ್ಗೆಯ ಮನೆ ಅದು. ಕೆಳಗೆ ವಿದ್ಯುತ್ ಮಗ್ಗಗಳು, ಮೇಲೆ ವಾಸ. ಮಗ್ಗದ ಸದ್ದು ನಿಂತ ಗಳಿಗೆ ಆ ಬೀದಿಯಲ್ಲಿ ಅಪರೂಪ. ಸ್ನೇಹಿತರ ತಾಯಿ ತೀರಿಕೊಂಡಾಗ ಅವರ ಮಗಳು ಕೈಗೂಸು. ಈಗ ಕಾಲೇಜಿಗೆ ಹೋಗುತ್ತಿರುವ ಆಕೆಗೆ ಅಜ್ಜಿಯ ಮುಖವು ಗೋಡೆಯ ಮೇಲಿನ ಪಟದಿಂದ ಗೊತ್ತು. ಧ್ವನಿ ಹೇಗಿತ್ತೆಂಬುದು ಗೊತ್ತಿಲ್ಲ. ಆ ಅಜ್ಜಿಯವರು ಹಸೆಯ ಹಾಡುಗಳಿಗೆ ಇಡೀ ಬೀದಿಗೆ ಹೆಸರಾದವರು. 1993ರಲ್ಲಿ ಹಿರಿಯ ಮಗಳ ಮದುವೆಯಲ್ಲಿ ಅವರು ಹಾಡಿದ್ದು ಕ್ಯಾಸೆಟ್ಟಿನಲ್ಲಿ ಇದೆಯೆಂದು ಮನೆಯವರೆಲ್ಲರೂ ಹೇಳುತ್ತಿದ್ದರು. ಒಂದು ದಿನ ಹುಡುಗಿಯು, “ಇದೆ ಇದೆ ಅಂತ ಎಷ್ಟು ವರ್ಷ ಹೇಳ್ತೀರಪ್ಪ? ಕೇಳಿಸಿ” ಎಂದುಬಿಟ್ಟಳು. ಕೆಲಸವು ಹೀಗೆ ಆರಂಭವಾಯಿತು.

ಹೊಸಕೋಟೆಯ ನೆಂಟರೊಬ್ಬರ ಮನೆಯಲ್ಲಿ ಹಳೆಯ ವಿ.ಸಿ.ಆರ್. ಯಂತ್ರವೊಂದು ದೊರೆಯಿತು. ತಂದ ಸಂಜೆಯೇ, ಆತುರದಲ್ಲಿ, ಗೃಹಪ್ರವೇಶದ ಕ್ಯಾಸೆಟ್ಟನ್ನು ಅದರ ಬಾಯಿಗೆ ಕೊಟ್ಟರು. ಎರಡು ನಿಮಿಷ ಚಿತ್ರವು ಮೂಡಿತು. ಆಮೇಲೆ ಕರಕರ ಸದ್ದು. ಟೇಪನ್ನು ಒತ್ತಿ ಎಳೆಯುವ ರಬ್ಬರಿನ ಉರುಳೆಯು ವರ್ಷಗಳಿಂದ ಬಿದ್ದಿದ್ದು ಗಡಸಾಗಿತ್ತು. ಯಂತ್ರವು ಮೊಳಗಟ್ಟಲೆ ಟೇಪನ್ನು ನುಂಗಿ ಮುದುರಿ ಹಾಕಿತು. ಆ ಭಾಗವನ್ನು ಯಾವ ಕೈಚಳಕದಿಂದಲೂ ಸರಿಪಡಿಸಲಾಗಲಿಲ್ಲ. “ಮಗ್ಗದಲ್ಲಿ ಎಳೆ ಕಡಿದರೆ ಗಂಟು ಹಾಕ್ತೀವಿ ಸ್ವಾಮಿ, ಇದಕ್ಕೆ ಏನು ಗಂಟು ಹಾಕೋಣ?” ಎಂದು ಸ್ನೇಹಿತರು ಪೇಚಾಡಿದರು. ಕೆಟ್ಟ ಮೇಲೆ ಬುದ್ಧಿ ಬಂತೆಂಬ ಗಾದೆಯು ನಮ್ಮ ಓದುಗರಿಗೆ ಅನ್ವಯಿಸದಿರಲೆಂದು, ಅವರು ತರುವಾಯ ತಿಳಿದುಕೊಂಡು ಅನುಸರಿಸಿದ ಕ್ರಮವನ್ನು ಇಲ್ಲಿ ಬರೆಯುತ್ತೇವೆ.

ಮೊದಲನೆಯದಾಗಿ, ಕ್ಯಾಸೆಟ್ಟನ್ನು ಬೆಳಕಿನಲ್ಲಿ ಹಿಡಿದು ಅದರ ಕಿಟಕಿಯೊಳಗೆ ನೋಡತಕ್ಕದ್ದು. ಸುರುಳಿಯ ಅಂಚಿನಲ್ಲಿ ಬಿಳಿಯ ಪುಡಿಯೋ ಚುಕ್ಕೆಗಳೋ ಕಂಡರೆ ಅದು ಬೂಷ್ಟು. ಅಂತಹದನ್ನು ಯಂತ್ರಕ್ಕೆ ಹಾಕಲೇಕೂಡದು. ಅದು ಯಂತ್ರವನ್ನೂ ಕೆಡಿಸಿ, ಮುಂದೆ ಹಾಕುವ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ಅದನ್ನು ಬೇರೆಯಾಗಿ ಕಟ್ಟಿಟ್ಟು ಬಲ್ಲವರಿಗೆ ಒಪ್ಪಿಸಬೇಕು. ಎರಡನೆಯದಾಗಿ, ಕ್ಯಾಸೆಟ್ಟಿನ ಬೆನ್ನಿನ ಎಡಮೂಲೆಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಬಿಲ್ಲೆಯಿದ್ದರೆ ಅದನ್ನು ಮುರಿದುಬಿಡಬೇಕು. ಆ ಬಿಲ್ಲೆಯಿಲ್ಲದ ಕ್ಯಾಸೆಟ್ಟಿನ ಮೇಲೆ ಯಂತ್ರವು ಬೇರೇನನ್ನೂ ಮುದ್ರಿಸಲಾರದು. ಈ ಬಿಲ್ಲೆಯ ಮಹಿಮೆಯನ್ನು ಮುಂದೆ ಹೇಳುವೆವು.

ಯಂತ್ರವನ್ನು ಟಿ.ವಿ. ರಿಪೇರಿಯ ಅನುಭವವುಳ್ಳವರಿಂದ ಶುಚಿಮಾಡಿಸಿ, ರಬ್ಬರಿನ ಭಾಗಗಳನ್ನು ನೋಡಿಸಬೇಕು. ಚಿತ್ರವನ್ನು ಓದುವ ತಲೆಗಳನ್ನು ಹತ್ತಿಯಿಂದ ಒರಸಬಾರದು. ಹತ್ತಿಯ ಎಳೆಯು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಅನಂತರ, ಬೇಡವಾದ ಸಿನಿಮಾ ಕ್ಯಾಸೆಟ್ಟೊಂದನ್ನು ಹಾಕಿ ಅರ್ಧಗಂಟೆ ಓಡಿಸಿ ಪರೀಕ್ಷಿಸಬೇಕು. ಯಂತ್ರವು ಅದನ್ನು ನುಂಗದಿದ್ದರೆ ಮಾತ್ರ ಮನೆಯ ಕ್ಯಾಸೆಟ್ಟು. ಅದನ್ನೂ ಒಮ್ಮೆ ಕೊನೆಯವರೆಗೆ ಮುಂದಕ್ಕೋಡಿಸಿ, ಮತ್ತೆ ಹಿಂದಕ್ಕೆ ಸುತ್ತಿಸಿದರೆ, ಬಹುಕಾಲ ಒತ್ತಿಕೊಂಡಿದ್ದ ಸುತ್ತುಗಳು ಸಡಿಲವಾಗುತ್ತವೆ. ಟೇಪು ತುಂಡಾಗಿದ್ದರೆ ಮನೆಯಲ್ಲಿರುವ ಅಂಟುಪಟ್ಟಿಯಿಂದ ಜೋಡಿಸಬಾರದು; ಅದರ ಗೋಂದು ಒಸರಿ ತಲೆಗಳಿಗೆ ಮೆತ್ತಿಕೊಳ್ಳುತ್ತದೆ. ನೇಯ್ಗೆಯ ಮನೆಗಳವರು ಇನ್ನೊಂದನ್ನು ಗಮನಿಸಬೇಕು: ಮಗ್ಗದ ಮನೆಯ ನೂಲಿನ ಧೂಳು ಯಂತ್ರಕ್ಕೆ ಶತ್ರು, ಈ ಕೆಲಸಕ್ಕೆ ಬೇರೆ ಕೋಣೆಯೇ ಆಗಬೇಕು.

ಸಣ್ಣ ಕ್ಯಾಸೆಟ್ಟುಗಳ ವಿಚಾರದಲ್ಲಿ ಒಂದು ಭೇದವುಂಟು. ವಿ.ಎಚ್.ಎಸ್.-ಸಿ. ಎಂಬ ಬಗೆಯದನ್ನು ಒಂದು ಹೊರಪೆಟ್ಟಿಗೆಯಲ್ಲಿಟ್ಟು ದೊಡ್ಡ ಯಂತ್ರದಲ್ಲಿ ನೋಡಬಹುದು. ಆದರೆ ವೀಡಿಯೋ-8, ಹೈ-8 ಎಂಬ 8 ಮಿಲಿಮೀಟರಿನ ಕ್ಯಾಸೆಟ್ಟುಗಳಿಗೆ ಅಂತಹ ಹೊರಪೆಟ್ಟಿಗೆಯಿಲ್ಲ. ಅವಕ್ಕೆ ಅದೇ ಜಾತಿಯ ಕ್ಯಾಮೆರಾವೇ ಬೇಕು. ಆದ್ದರಿಂದ ಹಳೆಯ ಕ್ಯಾಮೆರಾ ಮನೆಯಲ್ಲಿದ್ದರೆ, ಕೆಟ್ಟಿದೆಯೆಂದು ಗುಜರಿಗೆ ಹಾಕಬೇಡಿರಿ.

ಇನ್ನು ಕಂಪ್ಯೂಟರಿಗೆ ಇಳಿಸುವ ಬಗೆ. ಯಂತ್ರದ ಹಿಂದೆ ಹಳದಿ, ಬಿಳಿ, ಕೆಂಪು ಬಣ್ಣದ ಕುಳಿಗಳಿರುತ್ತವೆ. ಹಳದಿ ಚಿತ್ರಕ್ಕೆ, ಉಳಿದವು ಧ್ವನಿಗೆ. ಅಲ್ಲಿಂದ ಬರುವ ತಂತಿಗಳನ್ನು, ಬೆರಳುದ್ದದ ‘ಕ್ಯಾಪ್ಚರ್’ ಸಾಧನವೊಂದರ ಮೂಲಕ ಕಂಪ್ಯೂಟರಿನ ಯು.ಎಸ್.ಬಿ. ಕುಳಿಗೆ ಸೇರಿಸಬೇಕು. ನಮ್ಮ ಸ್ನೇಹಿತರು ಇದನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡರು. ಮುದ್ರಿಸಿಕೊಳ್ಳಲು ಓ.ಬಿ.ಎಸ್. ಸ್ಟುಡಿಯೋದಂತಹ ತಂತ್ರಾಂಶಗಳು ಬಿಟ್ಟಿಯಾಗಿಯೇ ದೊರೆಯುತ್ತವೆ. ಅದರಲ್ಲಿ ‘ಪಾಲ್’ ಪದ್ಧತಿಯನ್ನು ಆರಿಸಿ, ಚಿತ್ರದ ಅಳತೆಯನ್ನು 720ಕ್ಕೆ 576 ಎಂದೂ ಸೆಕೆಂಡಿಗೆ 25 ಚಿತ್ರಗಳೆಂದೂ ಗೊತ್ತುಮಾಡಬೇಕು. ಅಮೆರಿಕದ ನೆಂಟರು ಅಲ್ಲಿಂದ ಕಳುಹಿದ ಕ್ಯಾಸೆಟ್ಟಾದರೆ ಅದು ‘ಎನ್.ಟಿ.ಎಸ್.ಸಿ.’ ಎಂಬ ಬೇರೆ ಪದ್ಧತಿಯದು. ಅದನ್ನು ಓದಬಲ್ಲ ಯಂತ್ರವೇ ಆಗಬೇಕು. ಕೈಬೀಸುವಾಗ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತಹ ಗೆರೆಗಳು ಕಂಡರೆ ಗಾಬರಿಪಡಬೇಕಾಗಿಲ್ಲ. ಹಳೆಯ ಟೆಲಿವಿಷನ್ ಪದ್ಧತಿಯಲ್ಲಿ ಚಿತ್ರವನ್ನು ಎರಡು ಅರ್ಧಗಳಾಗಿ ಹೆಣೆಯುತ್ತಿದ್ದುದರ ಗುರುತು ಅದು. ಮೊದಲ ಪ್ರತಿಯನ್ನು ಹಾಗೆಯೇ ಬಿಟ್ಟು, ನೋಡಲು ಮಾಡುವ ಇನ್ನೊಂದು ಪ್ರತಿಯಲ್ಲಿ ಅದನ್ನು ನಿವಾರಿಸಬಹುದು.

ಮೊದಲು ಐದು ನಿಮಿಷ ಮುದ್ರಿಸಿ, ತುಟಿಗೂ ಮಾತಿಗೂ ಹೊಂದಿಕೆಯಿದೆಯೆ ಎಂದು ನೋಡಿಕೊಂಡು ಮುಂದುವರಿಯಬೇಕು. ಕಂಪ್ಯೂಟರು ನಡುವೆ ನಿದ್ರೆಹೋಗದಂತೆ ಏರ್ಪಡಿಸಿ, ಆ ಹೊತ್ತಿನಲ್ಲಿ ಅದರಿಂದ ಬೇರೆ ಕೆಲಸ ತೆಗೆಯದಿರುವುದು ಲೇಸು. ಇದರಲ್ಲಿ ಅವಸರದ ದಾರಿಯಿಲ್ಲ. ಮೂರು ಗಂಟೆಯ ಕ್ಯಾಸೆಟ್ಟನ್ನು ಇಳಿಸಲು ಮೂರು ಗಂಟೆಯೇ ಬೇಕು; ಅದು ಮೊದಲು ನಡೆದ ವೇಗದಲ್ಲಿಯೇ ಮತ್ತೊಮ್ಮೆ ನಡೆಯಬೇಕು. ಇದನ್ನು ಅನೇಕರು ತೊಂದರೆಯೆಂದು ಎಣಿಸಿ, ಯಂತ್ರವನ್ನು ಓಡಲು ಬಿಟ್ಟು ಎದ್ದುಹೋಗುತ್ತಾರೆ. ಈ ಮೂರು ಗಂಟೆಯೇ ಈ ಕೆಲಸದ ಮುಖ್ಯ ಲಾಭವೆಂಬುದು ಆ ದಿನ ನಮಗೆ ತಿಳಿಯಿತು.

ಅಂದು ಭಾನುವಾರ, ಮಗ್ಗಗಳಿಗೆ ಬಿಡುವು. ಮದುವೆಯ ಕ್ಯಾಸೆಟ್ಟು ಇಳಿಯುತ್ತಿರಲು ಮನೆಯವರೆಲ್ಲರೂ ಸೇರಿದ್ದರು, ನಾವೂ ಇದ್ದೆವು. ಸ್ನೇಹಿತರ ಚಿಕ್ಕಮ್ಮನವರು, ಎಂಬತ್ತರ ಅಂಚಿನಲ್ಲಿರುವವರು, ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆಸಿಕೊಂಡು ಕುಳಿತರು. ಹುಡುಗಿಯು ಒಂದು ನೋಟುಪುಸ್ತಕವನ್ನು ಹಿಡಿದು, “ಅಜ್ಜಿ, ಇವರು ಯಾರು? ಕೆಂಪು ಸೀರೆಯವರು?” ಎಂದು ಕೇಳುತ್ತ, ಗಡಿಯಾರದ ಹೊತ್ತಿನೊಡನೆ ಒಂದೊಂದು ಹೆಸರನ್ನೂ ಬರೆದುಕೊಳ್ಳುತ್ತಿದ್ದಳು. ಊಟದ ಪಂಕ್ತಿಯಲ್ಲಿ ಬಡಿಸುತ್ತಿದ್ದವರು, ಹಸೆಯ ಮುಂದೆ ಕುಳಿತ ಮುತ್ತೈದೆಯರು, ಕಂಬಕ್ಕೆ ಒರಗಿ ನಿಂತ ಮಗ್ಗದ ಮೇಸ್ತ್ರಿ, ಹೀಗೆ ನಲವತ್ತಕ್ಕೂ ಹೆಚ್ಚು ಜನ. ಅವರಲ್ಲಿ ಮುಕ್ಕಾಲು ಪಾಲಿನವರ ಹೆಸರನ್ನು ಹೇಳಬಲ್ಲವರು ಆ ಮನೆಯಲ್ಲಿ ಚಿಕ್ಕಮ್ಮನವರೊಬ್ಬರೇ. ಆಕೆಯಿಲ್ಲದೆ ಆ ಚಿತ್ರವು ಎಷ್ಟು ಸ್ವಚ್ಛವಾಗಿ ಇಳಿದಿದ್ದರೂ ಅಪರಿಚಿತರ ಗುಂಪೊಂದರ ಚಿತ್ರವಾಗಿ ಉಳಿಯುತ್ತಿತ್ತಷ್ಟೆ.

ಹಸೆಯ ಹಾಡು ಬಂದಿತು. ವೀಡಿಯೋದವರು ಮದುವೆಯ ಕ್ಯಾಸೆಟ್ಟುಗಳಲ್ಲಿ ನಿಜವಾದ ಸದ್ದನ್ನು ಅಳಿಸಿ ಸಿನಿಮಾ ಹಾಡುಗಳನ್ನು ತುಂಬುವ ರೂಢಿಯಿತ್ತು. ದೈವವಶದಿಂದ ಇಲ್ಲಿ ಹಾಗಾಗಿರಲಿಲ್ಲ. ಅಜ್ಜಿಯವರ ಧ್ವನಿ ಕೋಣೆಯಲ್ಲಿ ಕೇಳಿಸಿತು. ಸ್ವಲ್ಪ ಒಡಕಾದ, ಆದರೂ ಅಳುಕದ ಧ್ವನಿ. ಹುಡುಗಿಯು ಬರೆಯುವುದನ್ನು ನಿಲ್ಲಿಸಿದಳು. ನಾಲ್ಕು ನಿಮಿಷಗಳು ಕಳೆದಿರಬಹುದು. ಹಾಡಿನ ನಡುವೆ, ಒಂದು ಸಾಲು ಮುಗಿಯುವ ಮೊದಲೇ, ಪರದೆಯು ಒಮ್ಮೆ ನಡುಗಿ, ಜನರ ಕೇಕೆಯೊಡನೆ ಕ್ರಿಕೆಟ್ ಆಟವೊಂದು ಕಾಣಿಸಿಕೊಂಡಿತು! 1996ರ ಮಾರ್ಚಿ 9ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತಕ್ಕೂ ಪಾಕಿಸ್ತಾನಕ್ಕೂ ನಡೆದ ವಿಶ್ವಕಪ್ ಪಂದ್ಯ. ನಮ್ಮ ಸ್ನೇಹಿತರು ತಲೆತಗ್ಗಿಸಿದರು. ಆಗ ಹದಿನಾಲ್ಕು ವರ್ಷದ ಹುಡುಗನಾಗಿದ್ದ ಅವರೇ, ಖಾಲಿ ಕ್ಯಾಸೆಟ್ಟು ಸಿಕ್ಕದೆ, ಅಕ್ಕನ ಮದುವೆಯ ಮೇಲೆ ಆಟವನ್ನು ಮುದ್ರಿಸಿದ್ದರು. ಆ ಪುಟ್ಟ ಬಿಲ್ಲೆಯನ್ನು ಯಾರೂ ಮುರಿದಿರಲಿಲ್ಲ. ಹೊಸದನ್ನು ಮುದ್ರಿಸುವಾಗ ಯಂತ್ರವು ಹಳೆಯದನ್ನು ಪೂರ್ತಿಯಾಗಿ ಅಳಿಸಿಬಿಡುತ್ತದೆ. ಅದನ್ನು ಮತ್ತೆ ಪಡೆಯುವ ಉಪಾಯವಿಲ್ಲ.

ಯಾರೂ ಮಾತನಾಡಲಿಲ್ಲ. ಆಗ ಚಿಕ್ಕಮ್ಮನವರು, ಪರದೆಯತ್ತ ನೋಡುತ್ತಲೇ, ಅಕ್ಕನ ಹಾಡು ಕಡಿದ ಸಾಲಿನಿಂದ ಹಿಡಿದು ಮುಂದಕ್ಕೆ ಹಾಡತೊಡಗಿದರು. ನಡುನಡುವೆ ಉಸಿರಿಗೆ ನಿಲ್ಲುತ್ತ, ಒಂದೆಡೆ ಮರೆತು ಮತ್ತೆ ನೆನಪು ಮಾಡಿಕೊಳ್ಳುತ್ತ, ಆರತಿಯ ತನಕ ಹಾಡಿ ಮುಗಿಸಿದರು. ಹುಡುಗಿಯು ಅಷ್ಟು ಹೊತ್ತಿಗೆ ಕೈಫೋನನ್ನು ತೆಗೆದು ಮುದ್ರಿಸಿಕೊಳ್ಳುತ್ತಿದ್ದಳು. ಈಗ ಆ ಮನೆಯ ಕಂಪ್ಯೂಟರಿನಲ್ಲಿ ಒಂದೇ ಹಾಡಿನ ಮೊದಲರ್ಧವು 1993ರ ಅಕ್ಕನ ಧ್ವನಿಯಲ್ಲಿಯೂ ಕೊನೆಯರ್ಧವು ಮೂವತ್ತು ವರ್ಷಗಳಿಗೂ ಈಚಿನ ತಂಗಿಯ ಧ್ವನಿಯಲ್ಲಿಯೂ ಇದೆ.

ಇಳಿಸಿಕೊಂಡ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕಂಪ್ಯೂಟರೂ ಒಂದು ದಿನ ಕೆಡತಕ್ಕದ್ದೇ. ಸಾಧಾರಣ ಗುಣದ ಪ್ರತಿಗೆ ಗಂಟೆಗೆ 3-4 ಜಿ.ಬಿ.ಯಷ್ಟೂ, ಉತ್ತಮವಾದ ಡಿ.ವಿ. ಬಗೆಯದಕ್ಕೆ ಸುಮಾರು 13 ಜಿ.ಬಿ.ಯಷ್ಟೂ ಸ್ಥಳ ಬೇಕಾಗುತ್ತದೆ. ಇಂದಿನ ಡಿಸ್ಕುಗಳಿಗೆ ಇದು ಹೆಚ್ಚಲ್ಲ. ಮೂರು ಪ್ರತಿ ಮಾಡಿ, ಒಂದನ್ನು ಕಂಪ್ಯೂಟರಿನಲ್ಲಿ, ಒಂದನ್ನು ಪ್ರತ್ಯೇಕವಾದ ಡಿಸ್ಕಿನಲ್ಲಿ, ಒಂದನ್ನು ಬೇರೆ ಊರಿನ ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ ಇಡಬೇಕು. ಹೆಸರುಗಳ ಪಟ್ಟಿಯೂ ಅದರ ಜೊತೆಯಲ್ಲಿಯೇ ಇರಬೇಕು. ಅಂಗಡಿಯವರಿಂದ ಮಾಡಿಸುವವರು, ಮೂಲ ಕ್ಯಾಸೆಟ್ಟುಗಳನ್ನು ಎಣಿಸಿ ಕೊಟ್ಟು ಎಣಿಸಿ ಹಿಂದಕ್ಕೆ ಪಡೆಯಬೇಕು. ನಕಲಾಯಿತೆಂದು ಮೂಲವನ್ನು ಎಸೆಯಬಾರದು. ನಾಳೆ ಇನ್ನೂ ಒಳ್ಳೆಯ ನಕಲು ಬೇಕಾದೀತು. ಅದನ್ನು ತೇವವಿಲ್ಲದ ತಂಪು ಕಪಾಟಿನಲ್ಲಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಿರಿ. ಚಿತ್ರದಲ್ಲಿರುವವರನ್ನು ಕೇಳದೆ ಅದನ್ನು ಊರಿಗೆಲ್ಲ ಹಂಚುವುದು ಮಾತ್ರ ಮರ್ಯಾದೆಯಲ್ಲ.

ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ. ಮುಂದಿನ ಹಬ್ಬಕ್ಕೆ ಮನೆಯನ್ನು ಸಾರಿಸಿ ಗುಡಿಸುವಾಗ ಆ ಚೀಲವನ್ನು ಕೆಳಗಿಳಿಸಿರಿ. ಮೊದಲು ಬಿಲ್ಲೆಗಳನ್ನು ಮುರಿಯಿರಿ. ಯಂತ್ರವನ್ನು ಹುಡುಕಿರಿ. ಅದು ಸಿಕ್ಕಿದ ದಿನ ಮನೆಯ ಹಿರಿಯರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿ, ಮಕ್ಕಳ ಕೈಗೆ ಒಂದು ನೋಟುಪುಸ್ತಕವನ್ನು ಕೊಡಿರಿ. ಕ್ಯಾಸೆಟ್ಟನ್ನು ಇನ್ನೊಂದು ವರ್ಷ ತಡೆದು ಇಳಿಸಬಹುದೋ ಏನೋ; ಹೆಸರುಗಳನ್ನು ಹೇಳುವವರು ಅಷ್ಟು ತಡೆಯುವರೆಂಬ ಭರವಸೆ ನಮಗಿಲ್ಲ.